ಬೂದಿಗೆ ಬೇಲಿ

ತೋಟಕ್ಕೆ ಬೇಲಿ ಹಾಕುವವರನ್ನು ನೀವೆಲ್ಲ ನೋಡಿದ್ದೀರಿ. ಬೂದಿಗೆ ಬೇಲಿ ಹಾಕಿದವರನ್ನು ನೋಡಬೇಕಿದ್ದರೆ ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಹಿಲ್ಲೂರಿಗೆ ಬರಬೇಕಿತ್ತು. ನಾಲ್ಕೂ ಕಡೆ ಮುಳ್ಳು, ಒಳಗೆ ಸುಟ್ಟ ಮನೆಯ ಬೂದಿ, ಹೊರಗೆ ಗೇರುಮರದ ಬುಡದಲ್ಲಿ ಕೋಲು ಹಿಡಿದು ಕೂತ ಬೀರಾ. ಕೋಳಿ ಬಂದರೆ ಓಡಿಸುವುದು, ನಾಯಿ ಬಂದರೆ ಬೈಯುವುದು, ಇಷ್ಟೇ ಅವನ ಉದ್ಯೋಗ. ಆದರೆ ನಾನು ಹೇಳಹೊರಟಿದ್ದು ಬೀರಾನ ಕಥೆಯಲ್ಲ. ದಿನಾ ಬೆಳಿಗ್ಗೆ ಆ ಬೇಲಿಯ ಹತ್ತಿರ ನಿಂತು, ಎಲೆಅಡಿಕೆಯ ಕವಳ ಉಗಿದು, ಮುಂದೆ ಹೋಗುತ್ತಿದ್ದ ಗಂಗಕ್ಕನದು.

ಮಾರ್ಚ್ ತಿಂಗಳಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದಿತ್ತು. ಉದುರಿ ಒಣಗಿದ ಎಲೆಯ ದರಕು ಮೊಣಕಾಲುದ್ದ ಬಿದ್ದಿರುವ ಕಾಲ. ಬೆಂಕಿಗೆ ದಾರಿ ಕೇಳುವ ಅಗತ್ಯವೇ ಇರಲಿಲ್ಲ. ಬೀರಾ ಮತ್ತು ಅವನ ಹೆಂಡತಿ ನಾಗಿ ಅಂಕೋಲೆಯ ಸಂತೆಗೆ ಗೆಣಸು ಮಾರಲು ಹೋಗಿದ್ದರು. ಅವರದು ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು. ಅವರು ಖಾಲಿ ಬುಟ್ಟಿ ಹೊತ್ತು ವಾಪಸು ಬರುವಷ್ಟರಲ್ಲಿ ಉಳಿದಿದ್ದು ಒಂದು ಒರಳುಕಲ್ಲು. ಮಕ್ಕಳಿಲ್ಲದ ಇಬ್ಬರೇ ಜೀವ. ಗಂಗಕ್ಕ ತನ್ನ ಜಗಲಿಯಲ್ಲಿ ಎರಡು ಚಾಪೆ ಹಾಸಿದಳು.

ಮರುದಿನವೇ ದೇವಿದಾಸ ಬಂದ. ಊರಿನವರಿಗೆಲ್ಲ ಅರ್ಜಿ ಬರೆದುಕೊಡುವವನು. ಅವನ ಕಂಕುಳಲ್ಲೊಂದು ಹಸಿರು ಫೈಲು ಸದಾ ಇರುತ್ತಿತ್ತು. ಸ್ನಾನಕ್ಕೂ ಅದನ್ನು ಹಿಡಿದೇ ಹೋಗುತ್ತಾನೆ ಎಂದು ಹೆಂಗಸರು ನಗುತ್ತಿದ್ದರು. ಬೂದಿಯ ಸುತ್ತ ಮೂರು ಸುತ್ತು ಬಂದು ಅಪ್ಪಣೆ ಕೊಡಿಸಿದ.

"ಬೀರಾ, ಒಂದು ಕಡ್ಡಿ ಮುಟ್ಟೂದಿಲ್ಲ ನೀನು. ತಾಲೂಕು ಕಚೇರಿ ಸಾಹೇಬ್ರು ಬಂದು ಪಂಚನಾಮೆ ಮಾಡೂತನಕ ಸ್ಥಳ ಹೀಂಗೇ ಇರಬೇಕು. ಬೂದಿ ಇದ್ರೆ ಮನೆ, ಬೂದಿ ಹೋದ್ರೆ ಮನೆ ಹೋಯ್ತು. ತಾರಸಿ ಮನೆ ಕೊಡಿಸ್ತೆ ನಿನಗೆ, ನೋಡ್ತಾ ಇರು."

ತಾರಸಿ ಎಂದ ಕೂಡಲೇ ಬೀರಾನ ಕಣ್ಣು ಮೇಲಕ್ಕೆ ಹೋಯಿತು. ಹುಲ್ಲಿನ ಮಾಡು ಬಿಟ್ಟು ಬೇರೆ ಕಂಡವನಲ್ಲ ಪಾಪ. ಅದೇ ಸಂಜೆ ಮುಳ್ಳು ಕಡಿದು ತಂದ.

ಗಂಗಕ್ಕನಿಗೆ ಇದನ್ನು ಕಂಡರೆ ಯಾಕೆ ಮೈಯುರಿಯುತ್ತಿತ್ತು ಎನ್ನುವುದಕ್ಕೆ ಕಾರಣವಿದೆ. ಅವಳ ತವರು ಹಿಲ್ಲೂರು, ಕೊಟ್ಟಿದ್ದು ಸಮುದ್ರದಂಡೆಯ ಚೆಂಡಿಯಾಕ್ಕೆ. ಅಲ್ಲಿಯ ಜಾಗ ನೌಕಾನೆಲೆಗೆ ಹೋದಾಗ ನೆರೆಯವರೆಲ್ಲ ಬದಲಿಗೆ ಸಿಕ್ಕ ಸೈಟಿನಲ್ಲಿ ಮನೆ ಎಬ್ಬಿಸಿಕೊಂಡರು. ಅವಳ ಗಂಡ ಸೋಮು ಮಾತ್ರ ಸಮುದ್ರದ ಗಾಳಿ ಬರುವ ಮೂಲೆ ಸೈಟೇ ಆಗಬೇಕು ಎಂದು ಹಟ ಹಿಡಿದು ಬಾಡಿಗೆ ಕೋಣೆಯಲ್ಲಿ ಕೂತ. ಪಾತ್ರೆಯ ಗಂಟನ್ನೂ ಬಿಚ್ಚಲು ಬಿಡಲಿಲ್ಲ. ಹೇಗೂ ನಾಳೆ ಹೋಗುವುದಲ್ಲ, ಮತ್ತೆ ಕಟ್ಟುವ ಕೆಲಸ ಯಾಕೆ ಎನ್ನುವ ಜಾಣ! ನಾಲ್ಕು ವರ್ಷ ಒಂದೇ ಪಾತ್ರೆಯಲ್ಲಿ ಅನ್ನವನ್ನೂ ಸಾರನ್ನೂ ಮಾಡಿದಳು ಗಂಗಕ್ಕ. ಸೋಮು ಸತ್ತ ಹನ್ನೆರಡನೇ ದಿನ ಗಂಟು ಬಿಚ್ಚಿದರೆ ತಾಮ್ರದ ಕೊಡಗಳೆಲ್ಲ ಹಸಿರು ಹಿಡಿದಿದ್ದವು. ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತಲೆಯ ಮೇಲೆ ಹೊತ್ತು ಹಿಲ್ಲೂರಿಗೆ ಬಂದವಳು, ಯಾರನ್ನೂ ಕೇಳದೆ ಮಣ್ಣು ತುಳಿದು ಎರಡು ಕೋಣೆ ಕಟ್ಟಿಕೊಂಡಳು. ಕಾಯುತ್ತ ಕೂತ ಗಂಡಸನ್ನು ಕಂಡರೆ ಅವಳಿಗೆ ಅಂದಿನಿಂದ ಹೇಸಿಗೆ.

ಏಪ್ರಿಲ್ ಹತ್ತು ಕಳೆಯಿತು. ಸಾಹೇಬರ ಸುಳಿವಿಲ್ಲ. ಗಂಗಕ್ಕ ಗೇರುಮರದ ಬುಡಕ್ಕೆ ಹೋದಳು.

"ಏ ಬೀರಾ, ನಿನ್ನ ಬೂದಿ ಮರಿ ಹಾಕ್ತೋ?"

"ಹಂಗೆ ಹೇಳಬೇಡ ಅಕ್ಕ. ಸಾಹೇಬ್ರು ಬರೂದಿದೆ."

"ಮಣ್ಣಿನ ಗೋಡೆ ಒಂದು ಸುತ್ತು ಹಾಕಿದ್ರೆ ಒಣಗೂಕೆ ಮೂರು ದಿನ ಬೇಕು. ಅಂಥದು ಎಂಟು ಸುತ್ತು. ಮೇಲೆ ಮಾಡು ಕಟ್ಟೂದು. ಜೂನಿಗೆ ಬರೂ ಮಿರ್ಗದ ಮಳೆಗೆ ಎಷ್ಟು ದಿನ ಉಳಿತು? ಲೆಕ್ಕ ಬರ್ತದೋ, ಅದಕ್ಕೂ ದೇವಿದಾಸನೇ ಬೇಕೋ?"

"ಹೊಸ ಮನೆ ಕಂಡ್ರೆ ಅವರು ತಾರಸಿ ಕೊಡೂದಿಲ್ಲ ಅಕ್ಕ."

"ಮಳೆ ಬಂದಾಗ ಎಲ್ಲಿ ಮಲಗ್ತೆ? ಅವನ ಫೈಲ್ ಒಳಗೋ?"

ಬೀರಾ ಬಾರದ ಕೋಳಿಯನ್ನು ಓಡಿಸಿದ. ಉತ್ತರ ಕೊಟ್ಟವಳು ನಾಗಿ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬೇಲಿಯಿಂದ ಹದಿನೈದು ಹೆಜ್ಜೆ ಎಣಿಸಿ ನಿಂತಳು.

"ಬೂದಿ ಮುಟ್ಟಬೇಡ ಅಂದಾರೆ. ಇಲ್ಲಿ ಬೂದಿ ಇಲ್ಲ. ಗುದ್ದಲಿ ಕೊಡು ಅಕ್ಕ."

ಹಾಗೆ ಶುರುವಾಯಿತು. ಕೆಮ್ಮಣ್ಣು ಅಗೆದು ನೀರು ಬಿಟ್ಟು, ಭತ್ತದ ಒಣಹುಲ್ಲು ಸೇರಿಸಿ, ಹೆಂಗಸರಿಬ್ಬರೂ ಹೆಗಲು ಹಿಡಿದುಕೊಂಡು ತುಳಿದರು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಗೆ ಅಂಟಬಾರದು. ಅದು ಗಂಗಕ್ಕನ ಹದ. ಬೆಟ್ಟದ ಹುಲ್ಲು ಸುಟ್ಟುಹೋಗಿತ್ತಲ್ಲ, ಮಾಡಿಗೆ ಏನು? ಚೆಂಡಿಯಾದ ಹಳೇ ನೆರೆಯವರಿಗೆ ಹೇಳಿ ಕಳಿಸಿ, ಮರಳಿಗೆ ಬರುವ ಖಾಲಿ ಲಾರಿಯಲ್ಲಿ ತೆಂಗಿನ ಮಡಲು ತರಿಸಿದಳು. ಹಳ್ಳದಲ್ಲಿ ನೆನೆಹಾಕಿ, ಸೀಳಿ, ನಾಗಿಗೆ ಹೆಣೆಯಲು ಕಲಿಸಿದಳು. ಹಿಲ್ಲೂರಿನ ಗಂಡಸರು ದಾರಿಯಲ್ಲಿ ನಿಂತು ಬುದ್ಧಿ ಹೇಳಿದರು. ಬಾಗಿಲು ಆಚೆ ಇರಲಿ, ಗೋಡೆ ದಪ್ಪ ಆಯಿತು, ಮಡಲು ಸಮುದ್ರದವರಿಗೆ ಸರಿ, ನಮಗಲ್ಲ. ಒಬ್ಬನ ಕಾಲಿಗೂ ಮಣ್ಣು ತಾಗಲಿಲ್ಲ. ಕೈ ಕಟ್ಟಿ ನಿಲ್ಲುವುದರಲ್ಲಿ ನಮ್ಮೂರಿಗೆ ಸರಿಗಟ್ಟುವವರಿಲ್ಲ.

ದೇವಿದಾಸ ಓಡಿಬಂದ.

"ಗಂಗೂ, ಇದು ಕಾನೂನಿನ ವಿಷಯ. ನಿನಗೆ ಗೊತ್ತಾಗೂದಿಲ್ಲ. ನಿಲ್ಲಿಸು."

"ನಿನ್ನ ಕಾನೂನು ಬೇಲಿ ಒಳಗೆ ಇದೆ ತಮಾ. ಹೊರಗೆ ಮಣ್ಣು. ಬೂಟು ಹಾಳಾಗ್ತದೆ, ಆಚೆ ನಿಲ್ಲು."

ಮೇ ಇಪ್ಪತ್ತರ ಹೊತ್ತಿಗೆ ಏಳು ಸುತ್ತು ಎದ್ದಿತ್ತು. ಪಡುವಣ ಗೋಡೆಯ ಮೇಲಿನ ಸುತ್ತು ಆವತ್ತಷ್ಟೇ ಹಾಕಿದ್ದು, ಇನ್ನೂ ಹಸಿ. ಅದರ ಮೇಲೆ ಗಂಗಕ್ಕ ತನ್ನಲ್ಲಿದ್ದ ಒಂದೇ ಒಂದು ನೀಲಿ ತಾಡಪಾಲು ಹೊದೆಸಿದಳು, ಆಮೇಲೆ ಹೆಂಗಸರಿಬ್ಬರೂ ಹಳ್ಳಕ್ಕೆ ಮಡಲು ತರಲು ಹೋದರು. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಯಿತು. ಗುಡುಗು, ಗಾಳಿ, ಮೇಲಿಂದ ಸುರಿದ ಹಾಗೆ ಮಳೆ. ಹೆಂಗಸರು ತಲೆಯ ಮೇಲೆ ಮಡಲು ಹೊತ್ತು ಓಡಿ ಬಂದರು.

ಪಡುವಣ ಗೋಡೆ ಬತ್ತಲೆ ನಿಂತಿತ್ತು. ಹಸಿ ಸುತ್ತು ಕರಗಿ, ಕೆಳಗಿನ ಎರಡು ಸುತ್ತನ್ನೂ ಎಳೆದುಕೊಂಡು ಜಾರುತ್ತಿತ್ತು. ತಾಡಪಾಲು ಬೇಲಿಯ ಒಳಗಿತ್ತು. ಬೀರಾ ಅದನ್ನು ಬೂದಿಗೆ ಹೊದೆಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಹಾರದಂತೆ ತಾನೂ ಒಂದು ಅಂಚಿನ ಮೇಲೆ ಕೂತಿದ್ದ. ಅವನ ಕಾಲಿನ ಅಡಿಯಿಂದಲೇ ಬೂದಿ ಕಪ್ಪು ನೀರಾಗಿ ಹರಿದುಹೋಗುತ್ತಿತ್ತು.

ನಾಗಿ ಮಡಲು ಇಳಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು, ತಡೆದರೆ ನಿಲ್ಲುತ್ತದೆ ಎನ್ನುವ ಹಾಗೆ. ಕೆಂಪು ಮಣ್ಣು ಅವಳ ತಲೆಯ ಮೇಲಿಂದ ಇಳಿಯಿತು.

ಗಂಗಕ್ಕ ಬೇಲಿಯ ಹತ್ತಿರ ಹೋದಳು. "ಹೆಂಡತಿ ಕಟ್ಟಿದ್ದನ್ನ ಬತ್ತಲೆ ಮಾಡಿ, ಹೋದ ಮನೆಗೆ ಕಂಬಳಿ ಹೊದೆಸ್ದೆ. ನನ್ನ ಗಂಡನೂ ಹಿಂಗೇ ಇದ್ದ ಬೀರಾ. ಗಂಟು ಕಾಯ್ತಾ ಕಾಯ್ತಾ ಸತ್ತ. ನೀ ಬೂದಿ ಕಾಯಿ. ನಾಗಿಗೆ ನನ್ನ ಜಗಲಿ ಇದ್ದೇ ಇದೆ. ನಿನಗೆ ಇಲ್ಲ."

ಇಷ್ಟೇ. ಆ ಸಂಜೆ ಜಗಲಿಯಲ್ಲಿ ಒಂದೇ ಚಾಪೆ ಹಾಸಿತ್ತು.

ಬೆಳಿಗ್ಗೆ ಹೆಂಗಸರು ಎದ್ದು ಹೋಗುವಾಗ ಬೀರಾ ಮಣ್ಣಿನ ಗುಂಡಿಯಲ್ಲಿದ್ದ. ಮೊಣಕಾಲವರೆಗೆ ಮಣ್ಣು, ಒಬ್ಬನೇ ತುಳಿಯುತ್ತಿದ್ದ. ತಾಡಪಾಲು ಬೀಳದೆ ಉಳಿದ ಗೋಡೆಗಳ ಮೇಲಿತ್ತು. ಗಂಗಕ್ಕ ಒಂದು ಮುಷ್ಟಿ ಹಿಡಿದು ಹದ ನೋಡಿದಳು. "ನೀರು ಹೆಚ್ಚಾಯ್ತು. ಹುಲ್ಲು ಹಾಕು," ಎಂದಳು. ಕ್ಷಮಿಸಿದೆ ಎಂದು ಅವಳು ಯಾರಿಗೂ ಹೇಳಿದವಳಲ್ಲ. ನಾಗಿ ಗುಂಡಿಗೆ ಇಳಿದು ಗಂಡನ ಹೆಗಲು ಹಿಡಿದಳು.

ಮಿರ್ಗ ಹೊಗುವ ಎರಡು ದಿನ ಮೊದಲು ಕೊನೆಯ ಮಡಲು ಕಟ್ಟಿದರು. ಎಲ್ಲಿಯೂ ಸೋರಲಿಲ್ಲ.

ಸಾಹೇಬರು ಬಂದಿದ್ದು ಜೂನ್ ಕೊನೆಗೆ, ಕೊಡೆ ಹಿಡಿದು. ದೇವಿದಾಸ ಮುಂದೆ ಓಡುತ್ತ ಬೇಲಿ ತೋರಿಸಿದ. ಒಳಗೆ ನಾಗಿ ಹಾಕಿದ ಸೌತೆ ಬಳ್ಳಿ ಹಬ್ಬಿತ್ತು. ಮಳೆಗೆ ಉಳಿದ ಬೂದಿಯಂಥ ಗೊಬ್ಬರವನ್ನು ಹಾಳುಗೆಡವಲು ಅವಳಿಗೆ ಹುಚ್ಚೇ?

"ಇದೇನು?" ಎಂದರು ಸಾಹೇಬರು.

"ಬೂದಿ ಸಾರ್. ಮಾರ್ಚಿಂದ ಹಂಗೇ ಇಟ್ಟಾರೆ, ತಮಗೆ ತೋರ್ಸೂಕೆ."

"ಯಾಕೆ? ಬೆಂಕಿ ಬಿದ್ದ ವಾರದಲ್ಲೇ ನಮ್ಮವರು ಬಂದು ಫೋಟೋ ತೆಗೆದು, ಬರೆದುಕೊಂಡು ಹೋಗಿದ್ದಾರಲ್ಲ. ಇವತ್ತು ಸಹಿ ಒಂದೇ ಬಾಕಿ. ಅಂದಹಾಗೆ ತಾರಸಿ ಗೀರಸಿ ಏನೂ ಇಲ್ಲ, ಹೆಂಚಿಗೆ ಆಗುವಷ್ಟು ಹಣ ಬರುತ್ತದೆ."

ನಾಗಿ ಮುಂದಿನ ಸಂತೆಗೆ ಹೋಗಿದ್ದ ದಿನ ಬಂದು ಹೋಗಿದ್ದರಂತೆ, ಬೀರಾ ಬೇಲಿಗೆ ಇನ್ನಷ್ಟು ಮುಳ್ಳು ಕಡಿಯಲು ಹೋಗಿದ್ದನಂತೆ. ಎರಡು ತಿಂಗಳಿಗೂ ಹೆಚ್ಚು ಬೂದಿ ಕಾದದ್ದು ದೇವಿದಾಸನ ತಲೆಯಲ್ಲಿದ್ದ ಕಾನೂನಿಗೆ. ಬೇರೆಯವನಾಗಿದ್ದರೆ ನಾಚಿಕೆಯಿಂದ ಮನೆಗೆ ಹೋಗುತ್ತಿದ್ದ. ಇವನು ಕ್ಯಾಮೆರಾ ತಂದಿದ್ದ.

"ಸಾರ್, ಬೂದಿ ಎದುರು ಒಂದು ಫೋಟೋ. ಪೇಪರಿಗೆ. ಏ ನಾಗಿ, ಆ ಬಳ್ಳಿ ಕಿತ್ತು ತೆಗಿ, ಬೂದಿ ಕಾಣಲಿ." ಎನ್ನುತ್ತಲೇ ಬೇಲಿಗೆ ಕಾಲು ಹಾಕಿದ.

ಗೇರುಮರದ ಬುಡದಿಂದ ಬೀರಾ ಎದ್ದ. ಅದೇ ಕೋಲು, ಕೋಳಿ ಓಡಿಸುತ್ತಿದ್ದದ್ದು.

"ಕಾಲು ತೆಗಿರಿ ದೇವಿದಾಸಣ್ಣ. ಒಂದು ಕಡ್ಡಿ ಮುಟ್ಟೂದಿಲ್ಲ ಅಂತ ನೀವೇ ಹೇಳಿದ್ದು."

ದೇವಿದಾಸ ಕಾಲು ತೆಗೆದ. ಸಾಹೇಬರು ಸಹಿ ಹಾಕಿ ಜೀಪು ಹತ್ತಿದರು.

ನಾಗಿಯ ಹೊಸ ಜಗಲಿಯಲ್ಲಿ ಕೂತಿದ್ದ ಗಂಗಕ್ಕ ಬೇಲಿಯ ಹತ್ತಿರ ಬಂದಳು. ಉಗಿಯುತ್ತಾಳೆ ಎಂದುಕೊಂಡು ಬೀರಾ ಮುಖ ಕೆಳಗೆ ಹಾಕಿದ. ಅವಳು ಒಂದು ಎಳೆ ಸೌತೆಕಾಯಿ ಕಿತ್ತು, ಸೆರಗಿನಲ್ಲಿ ಒರೆಸಿ, ಕಚ್ಚಿದಳು.

"ಈಗ ಕಾಯಿ," ಎಂದಳು. "ಈಗ ಕಾಯೂಕೆ ಎಂತದಾದ್ರೂ ಅದೆ."