ಮುಳ್ಳುಗಿಡದ ಬಿಳಿ ಹೂ

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಕಾಂಪೌಂಡಿನ ಹಿಂದೆ ಒಂದು ದುಂಡನೆಯ ಮಣ್ಣುದಿಬ್ಬವಿದೆ. ಅದರ ಮೇಲೊಂದು ಮುಳ್ಳುಗಿಡ, ಮೈತುಂಬ ಬಿಳಿ ಹೂ. ಪೂಜೆಗೆಂದು ಬೆಳಿಗ್ಗೆ ಅಕ್ಕಪಕ್ಕದ ಬೇಲಿಯಿಂದ ಹೂ ಕೀಳುವುದು ನಮ್ಮವರಿಗೆ ಕಳ್ಳತನವೆನಿಸುವುದೇ ಇಲ್ಲ. ಅಂದು ನಾನು ಟೊಂಗೆಯನ್ನೇ ಮುರಿದು ತಂದು ದೇವರ ಗೂಡಿನಲ್ಲಿಟ್ಟೆ.

ಮಧ್ಯಾಹ್ನ ಮಗಳಿಗೆ ಜ್ವರ ಬಂತು. ವೈರಲ್ ಎಂದು ಕ್ಲಿನಿಕ್ಕಿನಲ್ಲಿ ಔಷಧಿ ಕೊಟ್ಟರು. ಮರುದಿನವೂ ಇಳಿಯಲಿಲ್ಲ. ಪಕ್ಕದ ಮನೆಯ ಐರಿಶ್ ಅಜ್ಜಿ, ನಿವೃತ್ತ ಟೀಚರ್, ಸೂಪ್ ತಂದವರು ದೇವರ ಗೂಡಿನೆದುರು ನಿಂತುಬಿಟ್ಟರು.

"ಇದನ್ನ ಒಳಗೆ ತಂದಿದ್ದು ಯಾರು?"

"ನಾನೇ. ದೇವರಿಗೆ."

"ನಿಮ್ಮ ದೇವರು ಒಳ್ಳೆಯವನಿರಬಹುದು. ಆದರೆ ಗಿಡ ಅವನದಲ್ಲ."

ಐರ್ಲೆಂಡಿನಲ್ಲಿ ಅಜ್ಜಿಯ ತಂದೆಯ ಹೊಲದಲ್ಲೂ ಹೀಗೇ ಒಂದು ದುಂಡು ದಿಬ್ಬವಿತ್ತಂತೆ, ನೆಲದಡಿ ವಾಸಿಸುವ 'ಅವರ' ಕೋಟೆ. ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಟ್ರ್ಯಾಕ್ಟರ್ ಕೂಡ ಸುತ್ತುಬಳಸಿ ಹೋಗುತ್ತದೆ. ಹಿಂದೊಮ್ಮೆ ಯಾರೋ ಅಲ್ಲಿಯ ಮುಳ್ಳುಗಿಡದ ಹೂ ಮನೆಗೆ ತಂದರು. ಆ ಮನೆಯ ಮಗು ಜ್ವರದಿಂದ ಎದ್ದಿತು, ಉಂಡಿತು, ನಕ್ಕಿತು. ತಾಯಿ ಮಾತ್ರ ಸಾಯುವತನಕ, ಇದು ನನ್ನದಲ್ಲ, ಅವರು ಬದಲಿಸಿಟ್ಟದ್ದು, ಎನ್ನುತ್ತಲೇ ಇದ್ದಳಂತೆ.

ಈ ಕಥೆಯನ್ನು ಅಜ್ಜಿ ಅಂದೇ ಹೇಳಿದರೋ, ಮೊದಲೇ ಒಮ್ಮೆ ಚಹಾ ಕುಡಿಯುವಾಗ ಹೇಳಿದ್ದರೋ? ನನಗೀಗ ಖಚಿತವಿಲ್ಲ. ಭಯ ನೆನಪನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆ.

ಗಂಡ ಇಂಡಸ್ಟ್ರಿಯಲ್ ಏರಿಯಾದ ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದರು. ಅಜ್ಜಿಯನ್ನು ಮಗಳ ಪಕ್ಕದಲ್ಲಿ ಕೂರಿಸಿ ಟೊಂಗೆ ಹಿಡಿದು ಓಡಿದೆ. ಇಷ್ಟು ಓದಿದವಳು ಮಣ್ಣುದಿಬ್ಬದೆದುರು ಮಂಡಿಯೂರಿ, ತಪ್ಪಾಯಿತು, ಅಂದೆ. ಯಾರಿಗೆ ಅಂದೆನೋ.

ನಾನು ಬಂದೊಡನೆ ಅಜ್ಜಿ ಸೂಪ್ ಬಿಸಿಮಾಡಲು ಅಡುಗೆಮನೆಗೆ ಹೋದರು. ಮಗಳು ಎದ್ದು ಕೂತಿದ್ದಳು.

"ಅಮ್ಮಾ, ನೀರು ಕೊಡು."

ನೈರೋಬಿಯಲ್ಲೇ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ನಾನು ಹೊಸ್ತಿಲಲ್ಲೇ ನಿಂತೆ. ಅದೇ ಮುಖ, ಅದೇ ಹಲ್ಲಿನ ಸಂದು. ಹತ್ತಿರ ಹೋಗಲಾಗಲಿಲ್ಲ.

"ಅಪ್ಪ ಸ್ನಾನ ಮಾಡುವಾಗ ಏನು ಮಾಡ್ತಾರೆ, ಹೇಳು."

ಅವಳು ನನ್ನನ್ನು ದಿಟ್ಟಿಸಿದಳು. "ಹೀ ಸಿಂಗ್ಸ್. ವೆರಿ ಬ್ಯಾಡ್ಲಿ. ಅಮ್ಮಾ, ವಾಟರ್!"

ತಬ್ಬಿಕೊಂಡಾಗ ಅವಳ ಕತ್ತು ಬೆವರಿ ತಣ್ಣಗಾಗಿತ್ತು.

ಮೊದಲ ಸಲವೂ ಅವಳು ವಾಟರ್ ಎಂದೇ ಅಂದಿರಬೇಕು ಎನ್ನುತ್ತಾರೆ ಗಂಡ. ಇರಬಹುದು. ಅಜ್ಜಿಗೆ ಕೇಳಿಸಿರಲಿಲ್ಲ. ಮಗಳಿಗೆ ನೆನಪಿಲ್ಲ. ಹೂವನ್ನು ಈಗ ವೆಸ್ಟ್‌ಲ್ಯಾಂಡ್ಸ್‌ನ ಅಂಗಡಿಯಿಂದ ತರುತ್ತೇನೆ. ಮಗಳು ಅಪರೂಪಕ್ಕೊಮ್ಮೆ ಕನ್ನಡದಲ್ಲಿ ಕರೆದರೆ ಎಲ್ಲರೂ ಖುಷಿಪಡುತ್ತಾರೆ. ನಾನು ಓಗೊಡುವ ಮೊದಲು ಅವಳ ಮುಖ ನೋಡುತ್ತೇನೆ.