ಚಿಲಕವಿಲ್ಲದ ಬಚ್ಚಲು

ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿ. ನನಗಿರುವ ಕಾಯಿಲೆ ಬಂದವರು ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಸೊಪ್ಪು, ತರಕಾರಿ, ಯೋಗ, ಮನಶ್ಶಾಂತಿ ಎಲ್ಲ ಆಮೇಲೆ. ಮನಶ್ಶಾಂತಿಯ ವಿಷಯ ಬಿಡಿ, ಅದು ನನಗೇ ಇನ್ನೂ ಸಿಕ್ಕಿಲ್ಲ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದುಹೋದಂತೆ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗುತ್ತದೆ. ಕೀಳುವುದು ಹೊರಗಿನವರಲ್ಲ, ನಮ್ಮದೇ ಮೈ. ಅದು ನನ್ನ ಗಮನಕ್ಕೆ ಬಂದದ್ದು ಯಲಹಂಕದ ಮಾರ್ಕೆಟ್ಟಿನಲ್ಲಿ. ಎಡಗಾಲಿನ ಚಪ್ಪಲಿ ಕಳಚಿಬಿದ್ದಿತ್ತು, ನಾನು ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದಿದ್ದೆ, ಗೊತ್ತೇ ಆಗಿರಲಿಲ್ಲ. ಸೊಪ್ಪು ಮಾರುವವಳು, "ಅಕ್ಕಾ, ಚಪ್ಪಲಿ ಬಿಟ್ಟೋಗ್ತಿದೀರಲ್ಲ" ಎಂದಳು. ನಗುತ್ತಾ ವಾಪಸ್ ಬಂದು ಹಾಕಿಕೊಂಡೆ. ಕೆಲವು ವಾರಗಳ ಮೇಲೆ ಎಡಗಣ್ಣಿಗೆ ಮಂಜು ಕವಿದಾಗ ನಗು ನಿಂತಿತು.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಔಷಧಿ ಶುರುವಾಯಿತು. ಮುಂದೆ ಕಾಲು ಇರುತ್ತದಾ ಎಂದು ಡಾಕ್ಟರನ್ನು ಕೇಳಿದೆ. "ತುಂಬಾ ಜನ ನಡ್ಕೊಂಡೇ ಓಡಾಡ್ತಾರೆ" ಎಂದರು. ತುಂಬಾ ಜನ ಎಂದರೆ ಎಲ್ಲರೂ ಅಲ್ಲ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಅಷ್ಟು ಅರ್ಥವಾಗುತ್ತದೆ. ಇನ್ನೊಂದು ಮಾತನ್ನೂ ಅವರು ಹೇಳಿ ಕಳಿಸಿದ್ದರು. ಈ ಕಾಯಿಲೆಗೆ ಬಿಸಿ ಆಗದು. ಮೈ ಕಾದರೆ ಹಳೆಯ ತೊಂದರೆಗಳೆಲ್ಲ ಮತ್ತೆ ತಲೆ ಎತ್ತುತ್ತವೆ, ತಣ್ಣಗಾದ ಮೇಲೆ ಹೋಗುತ್ತವೆ. ಒಂದು ದಿನ ಕಳೆದರೂ ಹೋಗದಿದ್ದರೆ ಫೋನ್ ಮಾಡಿ ಎಂದರು.

ಗಂಡನಿಗೆ ಎಲ್ಲ ಹೇಳಿ, ಅಮ್ಮನ ಹತ್ತಿರ ಬಾಯಿ ಬಿಡಬಾರದು ಎಂದು ಮಾತು ತೆಗೆದುಕೊಂಡೆ. ಅತ್ತೆಗೆ ಮಾತ್ರ "ನರದ ವೀಕ್‌ನೆಸ್" ಎಂದು ಹೇಳಿ ಮುಗಿಸಿದೆ. ನಮ್ಮ ಮನೆ ಸಿಂಗಾಪುರದಲ್ಲಿ, ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ಯಲಹಂಕದ ಹತ್ತಿರದ್ದು. ಅತ್ತೆ ಮದುವೆಯಾಗಿ ಬಂದಾಗ ಅದು ಹಳ್ಳಿ, ಮನೆಯ ಹಿಂದೆಯೇ ರಾಗಿ ಹೊಲ. ಈಗ ಹೊಲದ ತುಂಬ ಬಾಡಿಗೆ ಮನೆಗಳು. ಬಾಡಿಗೆಯವರೆಲ್ಲರ ಬಿಪಿ, ಶುಗರ್ ಅತ್ತೆಗೆ ಬಾಯಿಪಾಠ. ನನ್ನದು ಗೊತ್ತಾದರೆ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುತ್ತದೆ, ಎಲ್ಲರೂ "ಪಾಪ" ಎನ್ನುತ್ತಾರೆ, ಮರುದಿನ ನನ್ನ ಸ್ಕೂಟರ್ ಕೀ ಅತ್ತೆಯ ಸೊಂಟ ಸೇರುತ್ತದೆ. ನೀನು ಸುಮ್ಮನೆ ಕೂತ್ಕೊ ಎಂದುಬಿಡುತ್ತಾರೆ. ಒಂದು ಸಲ ಕೂತರೆ ಮತ್ತೆ ಏಳುವುದಿಲ್ಲ ಎಂಬ ದಿಗಿಲು ನನಗೆ. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ನರದ ವೀಕ್‌ನೆಸ್ಸಿಗೆ ಅತ್ತೆಯ ಹತ್ತಿರ ಔಷಧಿ ಸಿದ್ಧವಿತ್ತು. ಎಣ್ಣೆ, ಆಮೇಲೆ ಸುಡುಸುಡು ನೀರು. ಮನೆ ಮೂರು ಅಂತಸ್ತು ಎದ್ದು ಮೇಲೆ ಸೋಲಾರ್ ಕೂತಿದ್ದರೂ ಹಿತ್ತಲಿನ ಬಚ್ಚಲಲ್ಲಿ ಹಂಡೆ ಒಲೆಯನ್ನು ಅವರು ಯಾರಿಗೂ ಕೀಳಲು ಬಿಟ್ಟಿರಲಿಲ್ಲ. ಹೆಂಗಸರ ಎಣ್ಣೆನೀರು ಶುಕ್ರವಾರ. ನನಗೆ ಅಂದು ಶಾಲೆ ಎಂದು, ಜನ್ಮದಲ್ಲಿ ಮುರಿಯದ ನಿಯಮ ಮುರಿದು ಭಾನುವಾರ ಮಾಡಿದರು. ಬೆಳಿಗ್ಗೆಯೇ ಒಲೆಗೆ ತೆಂಗಿನ ಗರಿ ತುಂಬಿ, ಹರಳೆಣ್ಣೆ ಬಿಸಿ ಮಾಡಿ, ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದರು. ಅಷ್ಟು ಅಕ್ಕರೆ ತೋರಿಸುವವರಿಗೆ ಬೇಡ ಎನ್ನುವುದು ಹೇಗೆ? ಚೊಂಬಿನ ಮೇಲೆ ಚೊಂಬು ಬೆನ್ನಿಗೆ ಹೊಯ್ದು, ಕೊನೆಯ ನಾಲ್ಕು ಚೊಂಬು ನನಗೇ ಬಿಟ್ಟು ಹೊರಗೆ ಹೋಗುತ್ತಿದ್ದರು. ಆಮೇಲೆ ನಾನು ಮಧ್ಯಾಹ್ನದವರೆಗೆ ಬಿದ್ದುಕೊಂಡಿರುತ್ತಿದ್ದೆ, ಕಾಲು ನನ್ನದಲ್ಲ, ಕಣ್ಣು ಮಬ್ಬು. ಅತ್ತೆ ಇಣುಕಿ ನೋಡಿ, "ನರ ಸಡ್ಲ ಆಗದೆ, ಎಂಗ್ ನಿದ್ದೆ ಒಡೀತಾಳೆ ನೋಡು" ಎಂದು ನನ್ನ ಗಂಡನಿಗೆ ಹೇಳುವುದು ಕೇಳಿಸುತ್ತಿತ್ತು. ಮುಂದಿನ ವಾರ ಇನ್ನೂ ಬಿಸಿ ನೀರು. ಎರಡು ವರ್ಷ ಇದೇ ನಡೆಯಿತು.

ಕಳೆದ ಯುಗಾದಿಯ ಬೆಳಿಗ್ಗೆ ಬಿಸಿಲು ಆಗಲೇ ಏರಿತ್ತು. ಅತ್ತೆ ನೀರು ಹೊಯ್ದು, ಒಬ್ಬಟ್ಟಿನ ಕಣಕ ನೋಡಲು ಒಳಗೆ ಹೋದರು. ನಾನು ಚಿಲಕ ಹಾಕಿಕೊಂಡು ಕೊನೆಯ ಚೊಂಬಿಗೆ ಬಗ್ಗಿದೆ. ಮಂಡಿ ಮಡಚಿಕೊಂಡಿತು. ಗೋಡೆ ಹಿಡಿಯಲು ಹೋದೆ, ಎಣ್ಣೆಯ ಕೈ ಜಾರಿತು, ಹಾಗೇ ನೆಲಕ್ಕೆ ಕೂತೆ. ಕಾಲು ಎತ್ತು ಎಂದು ಕಾಲಿಗೆ ಹೇಳಿದೆ, ಅದು ಕೇಳಲಿಲ್ಲ. ಪ್ರತಿ ಭಾನುವಾರವೂ ಸೋಲುತ್ತಿತ್ತು, ಆದರೆ ಪೂರ್ತಿ ಕೈಬಿಟ್ಟದ್ದು ಅಂದೇ. ಇದು ಬಿಸಿಯ ಆಟವೋ, ಕಾಯಿಲೆ ನಿಜವಾಗಿ ಇನ್ನೊಂದು ಮೆಟ್ಟಿಲು ಹತ್ತಿತೋ? ತಣ್ಣಗಾಗದೆ ತಿಳಿಯುವ ಹಾಗಿರಲಿಲ್ಲ. ತೆವಳಿಕೊಂಡು ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿ, ಅದರ ಕೆಳಗೆ ತಲೆ ಕೊಟ್ಟು ಕೂತೆ.

ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು. "ಅಬ್ಬದ್ ದಿನ ತಣ್ಣೀರ್ ಯಾಕ್ ಬುಟ್ಟೆ? ಸೀತ ಆಯ್ತದೆ."

"ಅತ್ತೆ, ನಂಗೆ ಏಳಕ್ಕಾಗ್ತಿಲ್ಲ."

"ಚಿಲ್ಕ ತೆಗಿ."

"ಅದಕ್ಕೂ ಏಳ್ಬೇಕಲ್ಲ."

ಬಾಗಿಲು ಒಡೆಸಲೇ ಎಂದು ಕೇಳಿದರು. ಬೇಡ, ತಣ್ಣಗಾದರೆ ಸರಿಹೋಗುತ್ತದೆ ಎಂದೆ. ಯಾರು ಹೇಳಿದ್ದು ಎಂದರು. ಡಾಕ್ಟರು ಎಂದೆ.

"ಯಾವಾಗ್ ಯೋಳಿದ್ರು?"

ಸುಳ್ಳು ಹೇಳಬಹುದಿತ್ತು. ಆದರೆ ಹೆದರಿಕೆಯಲ್ಲಿ ಸುಳ್ಳೂ ಹೊಳೆಯಲಿಲ್ಲ. "ಎರಡು ವರ್ಷ ಆಯ್ತು" ಎಂದೆ.

ಅತ್ತೆ ಬಾಗಿಲ ಆಚೆ ನೆಲಕ್ಕೆ ಕೂತದ್ದು ಕೇಳಿಸಿತು. ಆಮೇಲೆ, "ಮಾತಾಡ್ತಾ ಇರು, ನಿಲ್ಲುಸ್ಬೇಡ" ಎಂದರು. ನಾನು ಮಾತಾಡಿದೆ. ಕಾಯಿಲೆಯ ಹೆಸರು, ಚಪ್ಪಲಿ, ಸ್ಕ್ಯಾನ್, ಕಣ್ಣು, ಸ್ಕೂಟರ್ ಕೀ, ಎಲ್ಲವನ್ನೂ ಮುಚ್ಚಿದ ಬಾಗಿಲಿಗೆ ಹೇಳಿದೆ. ಹೇಳುವುದೆಲ್ಲ ಮುಗಿದ ಮೇಲೆ ಮಗ್ಗಿ ಹೇಳಿದೆ. ಹದಿನೇಳರ ಮಗ್ಗಿಯಲ್ಲಿದ್ದಾಗ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಗೋಡೆ ಹಿಡಿದು ಎದ್ದು ಚಿಲಕ ತೆಗೆದಾಗ ಅತ್ತೆಯ ಬೆರಳುಗಳ ಮೇಲೆ ಕಣಕ ಒಣಗಿ ಬಿರಿದಿತ್ತು.

ಆ ದಿನ ಒಬ್ಬಟ್ಟು ತಟ್ಟುವಾಗ ಅವರು ನನ್ನ ಮುಖ ನೋಡದೆ ಕೇಳಿದರು, "ಅಂಗಾದ್ರೆ ಎರಡ್ ವರ್ಸ ನಿನ್ ಕಾಲ್ ತೆಗುದ್ದು ನಾನೇನಾ?"

"ಇಲ್ಲ ಅತ್ತೆ. ಬಿಸಿಗೆ ನರ ಹಾಳಾಗಲ್ವಂತೆ. ಆ ಹೊತ್ತಿಗೆ ಮಾತ್ರ ಹಾಗಾಗತ್ತೆ."

"ಗೊತ್ತಿದ್ದೂ ನನ್ ಕೈಲಿ ಉಯ್ಯುಸ್ಕೊಂಡ್ಯಲ್ಲ."

ಎರಡು ವರ್ಷ ನನ್ನ ಕಾಲಿನ ಚಿಂತೆಯೊಂದೇ ನನಗೆ, ಅವರ ಕೈಯನ್ನು ನಾನು ಯೋಚಿಸಿರಲೇ ಇಲ್ಲ. ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಮರುದಿನ ಬಚ್ಚಲ ಬಾಗಿಲಲ್ಲಿ ಚಿಲಕವಿರಲಿಲ್ಲ. ಬಾಗಿಲಲ್ಲಿ ನಾಲ್ಕು ಸ್ಕ್ರೂ ತೂತು, ಅಡುಗೆಮನೆಯಲ್ಲಿ ತುದಿ ಮುರಿದ ಚಾಕು. ನನ್ನ ಮಾನ ಏನಾಗಬೇಕು ಎಂದು ರೇಗಿದೆ. ಅತ್ತೆ ಹೊರಗೆ ಮಣೆ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಸ್ಕೂಟರ್ ಕೀ ಮಾತ್ರ ಮೊಳೆಯಲ್ಲೇ ಇತ್ತು. ಬೀದಿಯಲ್ಲಿ ಯಾರೂ ಪಾಪ ಎನ್ನಲಿಲ್ಲ, ಏಕೆಂದರೆ ಅವರು ಯಾರಿಗೂ ಹೇಳಿರಲಿಲ್ಲ.

ಈಗ ಒಳಗೆ ಪ್ಲಾಸ್ಟಿಕ್ ಸ್ಟೂಲ್ ಇದೆ, ಗೋಡೆಗೆ ಹಿಡಿಯಲು ಕಂಬಿ ಇದೆ. ನೀರು ಉಗುರುಬೆಚ್ಚಗೆ, ಅತ್ತೆ ಬಾಣಂತಿಯ ಕೂಸಿಗೆ ನೋಡುವಂತೆ ಮೊಣಕೈ ಅದ್ದಿ ನೋಡುತ್ತಾರೆ. ಅಡುಗೆ ಬಿಸಿಲೇರುವ ಮೊದಲೇ ಮುಗಿಯುತ್ತದೆ. ಸ್ಕೂಟರಿನಲ್ಲಿ ಕುತ್ತಿಗೆಗೆ ಒದ್ದೆ ಟವೆಲ್, ಶಾಲೆಯಲ್ಲಿ ಕೇಳಿಕೊಂಡು ಕೆಳಗಿನ ಮಹಡಿಯ ತರಗತಿ. ಮಧ್ಯಾಹ್ನ ಅರ್ಧ ಗಂಟೆ ಮಲಗುತ್ತೇನೆ, ಸೋಮಾರಿ ಎನ್ನುವವರು ಎನ್ನಲಿ. ದಿನಾ ಎದ್ದ ಕೂಡಲೇ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಕ್ಯಾಲೆಂಡರ್ ನೋಡುತ್ತೇನೆ, ರಜೆಯ ತಾರೀಖಿನ ಕೆಂಪು ಇನ್ನೂ ಕೆಂಪಾಗಿದೆಯಾ ಎಂದು. ಕಣ್ಣಿನ ನರ ಸೋತರೆ ಮೊದಲು ಮಾಸುವುದು ಆ ಬಣ್ಣ. ಮಾಸಿದಂತೆ ಕಂಡ ದಿನ ಸ್ಕೂಟರ್ ಮುಟ್ಟುವುದಿಲ್ಲ. ಭಯ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಸ್ನಾನಕ್ಕೆ ಕೂತರೆ ಹೊರಗಿನಿಂದ ಒಂದೇ ಪ್ರಶ್ನೆ. "ಕಾಲ್ ಅದಾ?"

"ಇದೆ" ಎನ್ನುತ್ತೇನೆ ತಟ್ಟನೆ, ಎರಡು ವರ್ಷ ಏನೂ ಆಗಿಲ್ಲ ಎಂದು ಹೇಳಿ ರೂಢಿಯಾದ ದನಿಯಲ್ಲಿ.

"ಅಲ್ಲಾಡ್ಸಿ ನೋಡ್ಬುಟ್ಟು ಮಾತಾಡು" ಎನ್ನುತ್ತಾರೆ ಅತ್ತೆ.

ಆಗ ಬಗ್ಗಿ ನೋಡುತ್ತೇನೆ. ಹೆಬ್ಬೆರಳಿನಿಂದ ಶುರುಮಾಡಿ ಐದನ್ನೂ ಅಲ್ಲಾಡಿಸಿದ ಮೇಲೆ ಉತ್ತರ ಹೇಳುತ್ತೇನೆ.