ಡಾಕ್ಟರಮ್ಮನ ತಿಂಡಿ ಡಬ್ಬಿ

ಟಾನಿಕ್ ಬರೆದುಕೊಡುತ್ತಾರೆಂದು ಕಾದಿದ್ದೆ. ಡಾಕ್ಟರಮ್ಮ ತಮ್ಮ ತಿಂಡಿ ಡಬ್ಬಿಯನ್ನೇ ತೆರೆದು ನನ್ನ ಮುಂದಿಟ್ಟರು.

"ಎರಡು ಇಡ್ಲಿ ಇದೆ. ಕೂತ್ಕೊಂಡು ನಿಧಾನವಾಗಿ ತಿನ್ನಿ. ಆಮೇಲೆ ಮಾತಾಡೋಣ."

ಐವತ್ತರ ದಶಕದ ಮಾತು. ಚಾಮರಾಜಪೇಟೆಯ ಹನ್ನೊಂದು ಜನರ ಮನೆಗೆ ನಾನೊಬ್ಬಳೇ ಸೊಸೆ. ಆ ಬೆಳಿಗ್ಗೆ ನೀರಿನ ಕೊಡ ಹೊತ್ತು ತರುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದಿದ್ದೆ. ಅತ್ತೆಯೇ ಕರೆತಂದಿದ್ದರು.

ಮೊದಲ ತುತ್ತಿಗೇ ಅಳು ಬಂತು. ಬೆಳಗಿನ ತಿಂಡಿಯನ್ನು ಹೀಗೆ ಕೂತು ತಿಂದು ಎರಡು ವರ್ಷವಾಗಿತ್ತು. ಕಾಯಿಲೆಯೇನೂ ಇಲ್ಲ, ಹೊತ್ತಿಗೆ ಸರಿಯಾಗಿ ಕೂತು ಊಟ, ಕಣ್ತುಂಬ ನಿದ್ದೆ, ಸಂಜೆ ಒಂದಿಷ್ಟು ನಡಿಗೆ ಬೇಕು ಎಂದು ಡಾಕ್ಟರಮ್ಮ ಅತ್ತೆಗೆ ಹೇಳಿದರು. ಅತ್ತೆ ರೇಗುತ್ತಾರೆಂದು ನಾನು ಹೆದರಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನೂ ಮೂವತ್ತು ವರ್ಷ ನಿಂತೇ ತಿಂದಿದೀನಿ ಕಣಮ್ಮ. ಯಾರೂ ಕೇಳ್ಲಿಲ್ಲ" ಎಂದರು.

ಮಾರನೆಯ ದಿನದಿಂದ ಗಂಡಸರಿಗೆ ಬಡಿಸುವ ಮೊದಲೇ ಅಡುಗೆಮನೆಯಲ್ಲಿ ನಮ್ಮಿಬ್ಬರಿಗೂ ಮಣೆ ಬಿತ್ತು. ಮನೆಗೆಲಸವೇನೂ ಕಡಿಮೆಯಾಗಲಿಲ್ಲ, ದಣಿವೂ ಪೂರ್ತಿ ಹೋಗಲಿಲ್ಲ. ಆದರೆ ಸಂಜೆ ದೇವಸ್ಥಾನದ ನೆಪದಲ್ಲಿ ಇಬ್ಬರೂ ಬಸವನಗುಡಿಯವರೆಗೆ ನಡೆದು ಬರುತ್ತಿದ್ದೆವು. ಆ ದಾರಿಯಲ್ಲೇ ಅತ್ತೆ ಮೊದಲ ಸಲ ನನ್ನೊಡನೆ ಗಟ್ಟಿಯಾಗಿ ನಕ್ಕಿದ್ದು.